ತೂಬಿನ ಒಂದೇ ಚಾವಿ

ಅಣೆಕಟ್ಟಿನ ಮೇಲೆ ಕೆಲಸ ಮಾಡುವವರೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಒಬ್ಬನಿಗೆ ಮಾತ್ರ, ಅವಳ ಮೈದುನನಿಗೆ. ಅವನು ದಿನವಿಡೀ ಆ ತುದಿಯಿಂದ ಈ ತುದಿಗೆ 'ಅತ್ತಿಗೇ, ಅತ್ತಿಗೇ' ಎಂದು ಕೂಗಿ ಕೂಗಿ, ಕೇಳಿದವರ ಬಾಯಿಗೂ ಅದೇ ಹತ್ತಿಬಿಟ್ಟಿತು. ಪಂಪುಮನೆಯ ಮುದುಕ ಅವಳಿಗಿಂತ ಎಷ್ಟೋ ದೊಡ್ಡವನು, ಅವನೂ ಅತ್ತಿಗೆ ಎನ್ನುತ್ತಿದ್ದ. "ನಿಮ್ಮೆಲ್ಲರ ಅಣ್ಣಂದಿರನ್ನ ನಾನು ಯಾವಾಗ ಕಟ್ಕೊಂಡೆ ಪುಣ್ಯಾತ್ಮಾ?" ಎಂದು ಅವಳು ಕೇಳುತ್ತಿದ್ದಳು. ಮೊದಮೊದಲು ನಗುತ್ತ ಕೇಳುತ್ತಿದ್ದಳು. ಆಮೇಲೆ ನಗುವುದಕ್ಕೂ ಸುಸ್ತಾಗಿ ಬರೀ ಕೇಳುತ್ತಿದ್ದಳು. ಕೊನೆಗೆ ಕೇಳುವುದನ್ನೂ ಬಿಟ್ಟಳು.

ಅವಳು ಹುಟ್ಟಿದ್ದು ಆ ಅಣೆಕಟ್ಟಿನ ಬುಡದಲ್ಲೇ, ಕೆಲಸಗಾರರ ಸಾಲುಮನೆಗಳಲ್ಲೊಂದರಲ್ಲಿ. ಅಣೆಕಟ್ಟು ಎಷ್ಟು ಹಳೆಯದೆಂದರೆ, ಅದನ್ನು ಕಟ್ಟುವಾಗ ಕೆಳಗಿನ ನಗರ ಇನ್ನೂ ನಗರವಾಗಿರಲಿಲ್ಲ. ನಾಲ್ಕು ಬೀದಿ, ಒಂದು ಸಂತೆಯ ಬಯಲು, ಬೀದಿಗೆರಡು ಬಾವಿ. ಒಂದು ಬೇಸಿಗೆ ಆ ಬಾವಿಗಳ ನೀರು ಕುಡಿದು ಜನ ವಾಂತಿಭೇದಿಯಲ್ಲಿ ಸಾಲುಸಾಲಾಗಿ ಸತ್ತ ಮೇಲೆ ಊರಿನ ದೊಡ್ಡವರಿಗೆ ಬುದ್ಧಿ ಬಂತು. ನದಿಯ ಮೇಲ್ಭಾಗದಲ್ಲಿ, ಎರಡು ಗುಡ್ಡ ಹತ್ತಿರ ಬರುವ ಕಡೆ, ಅಡ್ಡಗೋಡೆ ಹಾಕಿಸಿದರು. ಸಿಮೆಂಟಿನ ಹೆಸರನ್ನೇ ಅಲ್ಲಿ ಯಾರೂ ಕೇಳಿರದ ಕಾಲ; ಕಲ್ಲು, ಸುಣ್ಣ, ಗಾರೆ, ಅಷ್ಟೇ. ಅವಳ ಮುತ್ತಜ್ಜಿ ತಲೆಯ ಮೇಲೆ ಗಾರೆ ಹೊತ್ತವಳು. ಹೊತ್ತು ಹೊತ್ತು ನೆತ್ತಿಯ ಕೂದಲು ಸುಣ್ಣಕ್ಕೆ ಸುಟ್ಟು ಮತ್ತೆ ಬರಲೇ ಇಲ್ಲವಂತೆ. ಗೋಡೆ ಎದ್ದು ನಿಂತ ಮೇಲೆ ಕೂಲಿಯವರಲ್ಲಿ ಅರ್ಧ ಜನ ಗಂಟುಮೂಟೆ ಕಟ್ಟಿದರು, ಇನ್ನರ್ಧ ಜನ ಅಲ್ಲೇ ಉಳಿದರು. ಕಟ್ಟಿ ಕೈತೊಳೆದುಕೊಂಡು ಹೋಗಲು ಅದೇನು ಮಕ್ಕಳು ಮರಳಲ್ಲಿ ಮಾಡಿದ ಗುಬ್ಬಿಗೂಡೇ? ಸೋರುವ ಸಂದಿಗೆ ಗಾರೆ ಮೆತ್ತಬೇಕು, ಕಲ್ಲಿನ ನಡುವೆ ಬೇರು ಬಿಡುವ ಗಿಡ ಕೀಳಬೇಕು, ತೂಬಿನ ತಿರುಪಿಗೆ ಎಣ್ಣೆ ಬಿಡಬೇಕು. ಹೀಗೆ ಮುತ್ತಜ್ಜಿ ಆದ ಮೇಲೆ ಅಜ್ಜ, ಅಜ್ಜ ಆದ ಮೇಲೆ ಅಪ್ಪ, ಎಲ್ಲರೂ ಆ ಗೋಡೆಯ ಚಾಕರಿಯಲ್ಲೇ ಸವೆದರು.

ನಗರ ಮಾತ್ರ ಸವೆಯಲಿಲ್ಲ, ಊದಿಕೊಂಡಿತು. ನಾಲ್ಕು ಬೀದಿ ನಲವತ್ತಾಯಿತು, ಆಮೇಲೆ ಲೆಕ್ಕ ಇಡುವವರೇ ಇಲ್ಲವಾಯಿತು. ಅಜ್ಜನ ಕಾಲದಲ್ಲಿ ಗೋಡೆಯನ್ನು ಒಂದು ಆಳೆತ್ತರ ಏರಿಸಿದರು. ಅಪ್ಪನ ಕಾಲದಲ್ಲಿ ಎರಡನೆಯ ಕೊಳವೆ ಹಾಕಿದರು, ಪಂಪುಮನೆ ಕಟ್ಟಿದರು, ದೀಪ ಹಾಕಿದರು. ನಗರದ ಬಾಯಿ ದೊಡ್ಡದಾಗುತ್ತ ಹೋಯಿತು, ತೂಬಿನ ಗಂಟಲು ಮಾತ್ರ ಮುತ್ತಜ್ಜಿಯ ಕಾಲದ್ದೇ. ಎರಡೂ ಕೊಳವೆಗಳಿಗೆ ನೀರು ಹೋಗಬೇಕಾದದ್ದು ಆ ಒಂದೇ ತೂಬಿನಿಂದ.

ಈ ತೂಬಿನ ವಿಷಯ ಒಂದಿಷ್ಟು ಹೇಳಲೇಬೇಕು, ಯಾಕೆಂದರೆ ಅವಳ ಬದುಕೆಲ್ಲ ಅದರ ಸುತ್ತಲೇ ಸುತ್ತಿತು. ಅಣೆಕಟ್ಟಿನ ಹೊಟ್ಟೆಯೊಳಗೆ ಒಂದು ಆಳವಾದ ಕಲ್ಲಿನ ಬಾವಿ ಇದೆ. ಜಲಾಶಯದ ಕಡೆಯ ಕಬ್ಬಿಣದ ಬಾಗಿಲು ಎತ್ತಿದರೆ ನೀರು ಈ ಬಾವಿಗೆ ನುಗ್ಗುತ್ತದೆ, ಬಾವಿಯ ತಳದಿಂದ ಕೊಳವೆಗೆ ಹೋಗುತ್ತದೆ, ಅಲ್ಲಿಂದ ನಗರಕ್ಕೆ. ತಳದಲ್ಲಿ ಒಂದು ಜಾಲರಿ. ಜಾಲರಿಯ ಹಿಂದೆ, ಕೊಳವೆಯ ಬಾಯಿಗೆ ಹೋಗುವ ಕಡೆ, ಮಂಡಿಯೂರಿ ತೂರಬೇಕಾದಂಥ ಕಲ್ಲಿನ ಓಣಿ. ಅದಕ್ಕೆ ಗೂಡು ಎನ್ನುತ್ತಾರೆ. ಅಂತರಗಂಗೆಯ ಬೇರು, ಕಡ್ಡಿಕಸ, ಬಾಟಲಿ, ಸತ್ತ ಮೀನು ಎಲ್ಲ ಬಂದು ಜಾಲರಿಗೂ ಗೂಡಿಗೂ ಕಟ್ಟಿಕೊಳ್ಳುತ್ತವೆ. ವಾರಕ್ಕೊಮ್ಮೆ ಬಾಗಿಲು ಇಳಿಸಿ, ಬಾವಿ ಬರಿದಾದ ಮೇಲೆ ಒಬ್ಬ ಮನುಷ್ಯ ಒಳಗಿಳಿದು ಅದನ್ನೆಲ್ಲ ಬಳಿಯಬೇಕು. ಅಷ್ಟು ಹೊತ್ತು ನಗರ ತನ್ನ ತೊಟ್ಟಿಗಳಲ್ಲಿ ಇದ್ದದ್ದನ್ನು ಕುಡಿದುಕೊಂಡಿರುತ್ತದೆ. ಮೇಲೆ ಇರುವ ದೊಡ್ಡ ಚಕ್ರ ತಿರುಗಿಸಿದರೆ ಬಾಗಿಲು ಏಳುತ್ತದೆ. ಆದರೆ ಚಕ್ರಕ್ಕೂ ತಿರುಪಿಗೂ ನಡುವೆ ಮುಷ್ಟಿಗಾತ್ರದ ಒಂದು ಕಬ್ಬಿಣದ ತುಂಡು ಸಿಕ್ಕಿಸಬೇಕು. ಅದಿಲ್ಲದಿದ್ದರೆ ಚಕ್ರ ಸುಮ್ಮನೆ ಗರಗರ ತಿರುಗುತ್ತದೆ, ಬಾಗಿಲು ಮಿಸುಕುವುದಿಲ್ಲ. ಆ ತುಂಡೇ ಚಾವಿ.

ಮೊದಲು ಇಂಥ ಎರಡು ಚಾವಿಗಳಿದ್ದವು. ಎರಡೂ ಚಕ್ರದ ಕೋಣೆಯ ಮೊಳೆಗೆ ತೂಗುಹಾಕಿಕೊಂಡಿರುತ್ತಿದ್ದವು.

ಅವಳ ಮದುವೆ ಅಂದರೆ ಓಣಿಯ ಈ ಬದಿಯ ಮನೆಯಿಂದ ಆ ಬದಿಯ ಮನೆಗೆ ಹೋದದ್ದು, ಅಷ್ಟೇ. ಗಂಡ ತೂಬಿಗಿಳಿಯುವವನು. ಸುಮ್ಮನಿರದ ಮನುಷ್ಯ, ಕೆಲಸ ಮಾಡುತ್ತ ಸಿಳ್ಳೆ ಹಾಕುವನು, ಊಟ ಮಾಡುತ್ತ ಜಗಳ ತೆಗೆಯುವನು, ಜಗಳದ ಮಧ್ಯೆ ನಕ್ಕುಬಿಡುವನು. ಉಪ್ಪು ಜಾಸ್ತಿ, ನೆನೆಹಾಕಿದ ಬಟ್ಟೆ ಹಾಗೇ ಇದೆ, ಬಾಗಿಲು ಯಾಕೆ ತೆರೆದಿಟ್ಟೆ, ಹೀಗೆ ಒಂದಲ್ಲ ಒಂದಕ್ಕೆ ಅವಳನ್ನು ಬೈಯದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಅವಳೂ ಬಿಡುತ್ತಿರಲಿಲ್ಲ, ಸರಿಯಾಗಿ ವಾಪಸು ಕೊಡುತ್ತಿದ್ದಳು. ಆ ಮನೆಯಲ್ಲಿ ಸದ್ದಿಲ್ಲದಿದ್ದರೆ ಪಕ್ಕದವರು ಇಣುಕಿ ನೋಡುತ್ತಿದ್ದರು, ಎಲ್ಲಿ ಹೋದರು ಎಂದು.

ಒಂದು ದಿನ ಅವನು ತೂಬಿಗಿಳಿದಿದ್ದ. ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತು. ಮೇಲಿದ್ದವರು ಹೋದರು, ಹೊಸಬರು ಬಂದರು, ಬಂದವರು ಬಾವಿಗೆ ಬಗ್ಗಿ ಒಂದು ಕೂಗು ಹಾಕಿದರು. ಉತ್ತರವಿಲ್ಲ. ಇಳಿಸಿದ ಬಾಗಿಲಿನ ಅಂಚಿನಿಂದ ನೀರು ಸೋರುತ್ತಲೇ ಇರುತ್ತದೆ, ಆ ಸದ್ದಿಗೆ ಗೂಡಿನೊಳಗಿದ್ದವನಿಗೆ ಮೇಲಿನ ಕೂಗು ಕೇಳುವುದಿಲ್ಲ. 'ಊಟಕ್ಕೆ ಮನೆಗೆ ಹೋಗಿರ್ತಾನೆ ಬಿಡು' ಎಂದರು. ಮೊಳೆಯಿಂದ ಚಾವಿ ತೆಗೆದರು, ಚಕ್ರ ತಿರುಗಿಸಿದರು. ಕೆಳಗೆ ಮನೆಯಲ್ಲಿ ಅವಳು ತಟ್ಟೆ ಹಾಕಿಕೊಂಡು, ಇವನಿಗೆ ಹೊತ್ತಿಲ್ಲ ಗೊತ್ತಿಲ್ಲ ಎಂದು ಗೊಣಗುತ್ತ ಕೂತಿದ್ದಳು.

ಆಕಸ್ಮಿಕ ಎಂದು ಬರೆದರು. ಬಾಗಿಲು ಎತ್ತಿಸಿದ ಮೇಸ್ತ್ರಿ ಅತ್ತು ಅತ್ತು ಕಣ್ಣು ಊದಿಸಿಕೊಂಡು, ಎರಡನೆಯ ಚಾವಿಯನ್ನು ತಾನೇ ಹೊತ್ತುಕೊಂಡು ಹೋಗಿ ಕಮ್ಮಾರನ ಕುಲುಮೆಗೆ ಹಾಕಿಸಿ, ಅದನ್ನು ಕಾಯಿಸಿ ಬಡಿದು ಚಪ್ಪಟೆ ಮಾಡುವ ತನಕ ಎದುರು ನಿಂತಿದ್ದ. ಅವತ್ತಿನಿಂದ ಒಂದು ಪದ್ಧತಿ ಬಂತು. ಯಾರೂ ಅದನ್ನು ಬರೆದು ಗೋಡೆಗೆ ಅಂಟಿಸಲಿಲ್ಲ. ತೂಬಿಗೆ ಇಳಿಯುವವನು ಚಾವಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿಯಬೇಕು. ಅವನು ಮೇಲೆ ಬಂದರೆ ಚಾವಿಯೂ ಮೇಲೆ ಬರುತ್ತದೆ. ಅವನು ಬರಲಿಲ್ಲವೋ, ಸಾಕ್ಷಾತ್ ದೇವರು ಬಾಯಾರಿ ಬಂದು ನಿಂತರೂ ಬಾಗಿಲು ಏಳುವುದಿಲ್ಲ.

ಗಂಡನ ಕೆಲಸ ಅವಳಿಗೆ ಸಿಕ್ಕಿತು. ಕೈಕಾಲು ಗಟ್ಟಿ ಇದ್ದಷ್ಟು ಕಾಲ ಅವಳೇ ಇಳಿದಳು. ಹೆಂಗಸು ತೂಬಿಗಿಳಿಯುವುದೇ ಎಂದು ಕೆಲವರು ಮೂಗು ಮುರಿದರು. ಹಾಗಾದರೆ ನೀವೇ ಇಳಿಯಿರಿ ಎಂದಾಗ ಮುರಿದ ಮೂಗು ನೆಟ್ಟಗಾಯಿತು. ಗಂಡನನ್ನು ನುಂಗಿದ ಬಾವಿಗೆ ಹೇಗಮ್ಮ ಇಳಿಯುತ್ತೀ ಎಂದು ಕೇಳಿದವರೂ ಇದ್ದರು. ಹೊಟ್ಟೆ ಕೇಳಬೇಕಲ್ಲ ಎನ್ನುತ್ತಿದ್ದಳು. ಮೈದುನ ದೊಡ್ಡವನಾಗಿ ಕೆಲಸಕ್ಕೆ ಸೇರಿದ ಮೇಲೆ ಅವನು ಇಳಿಯುವವನು, ಅವಳು ಮೇಲೆ ನಿಂತು ಬಾವಿಯ ಬಾಯಿ ಕಾಯುವವಳು. ಅಷ್ಟು ಹೊತ್ತಿಗೆ ತಣ್ಣನೆಯ ಹೂಳಿನಲ್ಲಿ ಊರಿ ಊರಿ ಅವಳ ಮಂಡಿಗಳು ಹೋಗಿದ್ದವು. ಮಳೆ ಬಂದರೆ ನೋವು, ಬಿಸಿಲು ಬಂದರೆ ಬಾವು. ಸಾಲುಮನೆಯಿಂದ ಮೇಲಕ್ಕೆ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ದಿನದ ಶಕ್ತಿಯೆಲ್ಲ ಮುಗಿದಿರುತ್ತಿತ್ತು. ಉಸ್ಸಪ್ಪಾ ಎಂದು ಕೂತರೆ ಏಳಲು ಗೋಡೆ ಬೇಕು. ಯಾರ ಮೇಲೂ ಸಿಟ್ಟಿಲ್ಲ, ಯಾವುದರ ಮೇಲೂ ಆಸೆಯಿಲ್ಲ, ಬರೀ ಸಾಕಾಗಿದೆ, ಹಾಗಿತ್ತು ಅವಳ ಸ್ಥಿತಿ.

ಇಲ್ಲ, ಒಂದು ಆಸೆ ಇತ್ತು. ಪಂಪುಮನೆಯಲ್ಲಿ ಮೀಟರು ನೋಡುವ ಮುದುಕ ನಿವೃತ್ತನಾಗುವವನಿದ್ದ. ಅವನ ಕುರ್ಚಿಗೆ ಕೈ ಇತ್ತು, ಬೆನ್ನಿಗೆ ಒಂದು ಮೆತ್ತೆ ಇತ್ತು, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಮುಳ್ಳು ಎಷ್ಟಕ್ಕಿದೆ ಎಂದು ನೋಡುವುದು, ಮತ್ತೆ ಕೂತುಕೊಳ್ಳುವುದು, ಇಷ್ಟೇ ಕೆಲಸ. ಹೊಸದಾಗಿ ಬಂದ ಎಂಜಿನಿಯರ್, ಮೃದು ಮಾತಿನ ಹುಡುಗ, ಅವಳು ಮೆಟ್ಟಿಲು ಹತ್ತುವುದನ್ನು ನೋಡಲಾರದೆ, "ಮುಂದಿನ ತಿಂಗಳು ನೀವು ಅಲ್ಲಿಗೆ ಹೋಗ್ಬಿಡಿ ಅಮ್ಮಾ, ನಾನು ಮಾತಾಡಿದೀನಿ" ಎಂದಿದ್ದ. ಅವತ್ತು ಅವಳು ಮನೆಗೆ ಬಂದು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಸುಮ್ಮಸುಮ್ಮನೆ ನಕ್ಕಳು. "ಅತ್ತಿಗೆಗೆ ತಲೆ ಕೆಟ್ಟಿತು" ಎಂದ ಮೈದುನ. "ಕುರ್ಚಿ ಸಿಕ್ತು ಕಣೋ" ಎಂದಳು.

ಅದೇ ಎಂಜಿನಿಯರ್ ಇನ್ನೊಂದು ಕೆಲಸವನ್ನೂ ಮಾಡಿದ್ದ. ಮೈದುನನ ಮರೆವು ಅಣೆಕಟ್ಟಿನಲ್ಲೆಲ್ಲ ಹೆಸರುವಾಸಿ. ಒಮ್ಮೆ ಮೇಲೆ ಬಂದವನೇ ಸೊಂಟದ ಚಾವಿ ಬಿಚ್ಚದೆ ಇಸ್ಪೀಟಿಗೆ ಹೋಗಿ ಕೂತಿದ್ದ. ಇನ್ನೊಮ್ಮೆ ಅದನ್ನು ಕಟ್ಟಿಕೊಂಡೇ ಮನೆಗೆ ಹೋಗಿ ಮಲಗಿ, ಹೊರಳಿದಾಗ ಪಕ್ಕೆಗೆ ಒತ್ತಿ ಎದ್ದಿದ್ದ. ಹೀಗಾದರೆ ನಗರದ ಗತಿಯೇನು ಎಂದು ಎಂಜಿನಿಯರ್ ಪೇಟೆಯ ಕಾರ್ಖಾನೆಯಲ್ಲಿ ಎರಡನೆಯ ಚಾವಿ ಮಾಡಿಸಿ ತನ್ನ ಕಚೇರಿಯ ಕಪಾಟಿನಲ್ಲಿಟ್ಟ. ಅವಳು ಬೇಡ ಸಾರ್ ಎಂದಳು. ಮತ್ತೆ ಬೇಡ ಎಂದಳು. "ತುರ್ತಿಗೆ ಮಾತ್ರ ಅಮ್ಮಾ" ಎಂದ. ಅವಳಿಗೆ ಹೇಳಲು ಬಹಳ ಇತ್ತು, ಆದರೆ ಹೇಳಿ ಹೇಳಿ ಗೆಲ್ಲುವ ತ್ರಾಣ ಇರಲಿಲ್ಲ. ಕುರ್ಚಿಯ ಮಾತು ಬೇರೆ ಇತ್ತಲ್ಲ. ಸುಮ್ಮನಾದಳು.

ಆ ದಿನ ಮೈದುನ ಬೆಳಿಗ್ಗೆಯಿಂದಲೇ ಕೆನ್ನೆ ಹಿಡಿದುಕೊಂಡು ಬಂದಿದ್ದ. ವಾರದಿಂದ ದವಡೆಹಲ್ಲು ಕಾಡುತ್ತಿತ್ತು. ಹೆಂಡತಿ ವೈದ್ಯರ ಹತ್ತಿರ ಹೋಗಿ ಎಂದು ಬಾಯಿ ಬಡಿದುಕೊಂಡರೂ ಕೇಳಿರಲಿಲ್ಲ. ಹತ್ತಾಳಿನ ಆಳಕ್ಕೆ ಇಳಿಯುವ ಗಂಡಸಿಗೆ ಹಲ್ಲು ಕೀಳುವ ಇಕ್ಕಳ ಕಂಡರೆ ಜೀವ ಹೋಗುತ್ತಿತ್ತು.

"ಕೆನ್ನೆ ನೋಡಿದ್ರೆ ಬಾಯಲ್ಲಿ ನಿಂಬೆಹಣ್ಣು ಬಚ್ಚಿಟ್ಕೊಂಡಂಗಿದೆ. ಇವತ್ತು ಬೇಡ ಬಿಡೋ" ಎಂದಳು ಅತ್ತಿಗೆ.

"ಜಾಲರಿ ಕಟ್ಕೊಂಡಿದೆ ಅತ್ತಿಗೆ. ಬೇಗ ಬಳಿದು ಬರ್ತೀನಿ" ಎಂದು, ಚಪ್ಪಲಿ ಬಾವಿಯ ಬಾಯಲ್ಲಿ ಬಿಟ್ಟು, ರಬ್ಬರು ಬೂಟು ಹಾಕಿಕೊಂಡು, ಚಾವಿ ಸೊಂಟಕ್ಕೆ ಬಿಗಿದು, ಫೋನು ಚಪ್ಪಲಿಯ ಪಕ್ಕದ ಕಲ್ಲಿನ ಮೇಲಿಟ್ಟು ಇಳಿದ.

ಅವಳು ಚಕ್ರದ ಕೋಣೆಯ ಗೋಡೆಗೆ ಒರಗಿ ಕೂತಳು. ಬಾಯಿ ಕಾಯುವವರು ಕೂರಬಾರದು, ನಿಂತಿರಬೇಕು. ಅದು ಅವಳಿಗೆ ಬೇರೆ ಯಾರಾದರೂ ಹೇಳಿಕೊಡಬೇಕಾದ ಮಾತಲ್ಲ. ಆದರೆ ಮಂಡಿ ಕೇಳಲಿಲ್ಲ. ಹಿಂದಿನ ರಾತ್ರಿ ನೋವಿಗೆ ಕಣ್ಣು ಮುಚ್ಚಿರಲಿಲ್ಲ. ಎಳೆಬಿಸಿಲು ಮೈಮೇಲೆ ಬಿತ್ತು, ಸೋರುವ ನೀರಿನ ಸದ್ದು ಒಂದೇ ಸಮ, ಜೊಂಪು ಹತ್ತಿಬಿಟ್ಟಿತು.

ಎಚ್ಚರವಾದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕೆಲಸ ಯಾವಾಗಲೋ ಮುಗಿಯಬೇಕಿತ್ತು. ಧಡಕ್ಕನೆ ಎದ್ದಳು. ಚಪ್ಪಲಿ ಅಲ್ಲೇ ಇದೆ. ಫೋನು ಅಲ್ಲೇ ಇದೆ. ಬಾವಿಗೆ ಬಗ್ಗಿ ಕೂಗಿದಳು, ಮತ್ತೆ ಕೂಗಿದಳು, ಗಂಟಲು ಹರಿಯುವ ಹಾಗೆ ಕೂಗಿದಳು. ನೀರು ಸೋರುವ ಸದ್ದು ಬಿಟ್ಟರೆ ಏನೂ ಇಲ್ಲ. ಕೆಳಗೆ ಸಾಲುಮನೆಗೆ ಕೂಗಿ ಕೇಳಿದರೆ, "ಇನ್ನೂ ಬಂದಿಲ್ಲ ಅಕ್ಕಾ, ಊಟ ಆರ್ತಾ ಇದೆ" ಎಂದಳು ವಾರಗಿತ್ತಿ.

ಅಷ್ಟರಲ್ಲಿ ಪಂಪುಮನೆಯ ಮುದುಕ ಕೊಳವೆ ಒಣಗಿದೆ ಎಂದು ಬೊಬ್ಬೆ ಹಾಕತೊಡಗಿದ. ನಗರದ ತೊಟ್ಟಿಗಳು ಬರಿದಾಗಿದ್ದವು. ಆಸ್ಪತ್ರೆಯಿಂದ ಫೋನು, ಹೋಟೆಲುಗಳಿಂದ ಫೋನು, ದೊಡ್ಡವರ ಮನೆಗಳಿಂದ ಫೋನು. ಜೀಪು ಬಂತು. ಎಂಜಿನಿಯರ್ ಇಳಿದ, ಹಿಂದೆ ಡ್ರೈವರ್. ಎಂಜಿನಿಯರ್ ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಗಂಟು. ಅದೇನೆಂದು ಬಿಚ್ಚದೆಯೇ ಅವಳಿಗೆ ಗೊತ್ತಾಯಿತು.

"ಸಾರ್, ಅವನು ಒಳಗಿದಾನೆ" ಎಂದಳು.

"ಮೇಲೆ ಬಂದಿದ್ದು ನೀವು ನೋಡ್ಲಿಲ್ವಾ?"

"ಕಣ್ಣು ಹತ್ತಿತು ಸಾರ್. ನೋಡ್ಲಿಲ್ಲ." ಸುಳ್ಳು ಹೇಳುವುದು ಅವಳಿಗೆ ಹೊಳೆಯಲೂ ಇಲ್ಲ.

ಎಂಜಿನಿಯರ್ ಕೆಟ್ಟವನಲ್ಲ. ಮೊದಲು ಡ್ರೈವರನ್ನು ಒಳಗಿಳಿಸಿದ. ಡ್ರೈವರ್ ಹೆದರಿ ಹೆದರಿ ತಳದ ತನಕ ಹೋಗಿ, ಟಾರ್ಚು ಬಿಟ್ಟು ನೋಡಿ, ಹೋದದ್ದಕ್ಕಿಂತ ಬೇಗ ಮೇಲೆ ಬಂದ. "ಯಾರೂ ಇಲ್ಲ ಸಾರ್."

"ಜಾಲರಿ ದಾಟಿ ಗೂಡಿನೊಳಗೆ ಹೋದ್ಯಾ?" ಎಂದಳು ಅತ್ತಿಗೆ.

"ಅಯ್ಯೋ, ಆ ಬಿಲಕ್ಕೆ ಯಾರು ತೂರ್ತಾರೆ! ಕೂಗಿದೆ. ಇದ್ದಿದ್ರೆ ಓ ಅಂತಿರ್ಲಿಲ್ವಾ?"

"ಅಮ್ಮಾ, ನೋಡಿ" ಎಂದ ಎಂಜಿನಿಯರ್ ತಾಳ್ಮೆಯಿಂದ. "ದಾರಿ ಬದಿಯ ಟೀ ಅಂಗಡಿಯವನು, ಬೂಟು ಹಾಕಿದ ಒಬ್ಬ ಬಸ್ಸು ಹತ್ತಿದ್ದನ್ನ ನೋಡಿದಾನಂತೆ. ಇವನೇ ಇರ್ಬೇಕು. ಎಲ್ಲೋ ಹೋಗಿರ್ತಾನೆ ಬಿಡಿ."

"ಟೀ ಅಂಗಡಿಯವನಿಗೆ ಎದುರು ನಿಂತು ಕಾಸು ಕೊಟ್ಟೋರೇ ಕಾಣಲ್ಲ ಸಾರ್. ಎಲ್ಲೋ ಹೋಗಿರ್ತಾನೆ ಅಂದ್ರಲ್ಲ, ಆ ಮಾತು ನಾನು ಒಂದು ಸಲ ಕೇಳಿದೀನಿ."

ಅವನಿಗೂ ಆ ಕತೆ ಗೊತ್ತಿತ್ತು. ಅಷ್ಟರಲ್ಲಿ ಮತ್ತೆ ಫೋನು. ಹೂಂ ಸಾರ್, ಈಗಲೇ ಸಾರ್, ಐದೇ ನಿಮಿಷ ಸಾರ್ ಎಂದು ಬೆವರು ಒರೆಸಿಕೊಂಡು ಗಂಟು ಬಿಚ್ಚಿದ. ಹೊಸ ಚಾವಿ ಬಿಸಿಲಿಗೆ ಪಳಪಳ ಹೊಳೆಯಿತು. ಡ್ರೈವರ್ ಚಕ್ರದ ಕಡೆ ನಡೆದ.

ಅತ್ತಿಗೆ ಎದ್ದು ಹೋಗಿ ಚಕ್ರಕ್ಕೆ ಅಡ್ಡ ನಿಂತಳು. ನಿಜಕ್ಕೂ ಅವಳಿಗೆ ಜಗಳ ಬೇಕಿರಲಿಲ್ಲ. ಬೇಕಿದ್ದದ್ದು ಆ ಕೈಯಿರುವ ಕುರ್ಚಿ, ಆ ಮೆತ್ತೆ, ಆ ಫ್ಯಾನು. ಇವನನ್ನು ಎದುರು ಹಾಕಿಕೊಂಡರೆ ಅದು ಹೋಯಿತು. ಎಲ್ಲ ಲೆಕ್ಕ ತಲೆಯಲ್ಲಿ ಓಡಿತು. ಓಡಿದ ಮೇಲೂ ಕಾಲು ಅಲ್ಲೇ ಊರಿತ್ತು.

"ಯಾರೂ ಗೂಡು ನೋಡಿಲ್ಲ. ನಾನು ಇಳಿದು ನೋಡ್ತೀನಿ" ಎಂದಳು.

"ಈ ಕಾಲಲ್ಲಾ?"

"ಬೇರೆ ಕಾಲು ತರೋಕೆ ಹೊತ್ತಿಲ್ಲ ಸಾರ್. ಆ ಚಾವಿ ಕೊಡಿ. ಇಳಿಯೋರ ಸೊಂಟದಲ್ಲೇ ಇರಬೇಕು ಅದು."

ಅವಳು ಬೇಗ ನೋಡಿ ಬೇಗ ಬಂದರೆ ಎಲ್ಲರಿಗೂ ಒಳ್ಳೆಯದೆಂದು ಎಂಜಿನಿಯರ್ ಚಾವಿ ಕೊಟ್ಟ. ಡ್ರೈವರ್ ಅವಳ ನಡುವಿಗೆ ಹಗ್ಗ ಕಟ್ಟಿದ. ಗೋಡೆಗೆ ಹೊಡೆದ ಕಬ್ಬಿಣದ ಮೆಟ್ಟಿಲುಗಳ ಮೇಲೆ ಅವಳು ಒಂದೊಂದೇ ಕಾಲು ಕೆಳಗಿಟ್ಟಳು. ಮಂಡಿ ಮಡಚಿದಾಗಲೆಲ್ಲ ಕಣ್ಣು ಕತ್ತಲಿಡುತ್ತಿತ್ತು. ಅಯ್ಯೋ ಅಮ್ಮಾ ಎಂದಳು, ಮೈದುನನಿಗೆ ಬಾಯಿಗೆ ಬಂದಂತೆ ಬೈದಳು, ಸತ್ತ ಗಂಡನಿಗೂ ಬೈದಳು. ಬೈಗುಳದ ಬಲದಲ್ಲೇ ತಳ ಮುಟ್ಟಿದಳು.

ಜಾಲರಿಯ ಪಕ್ಕದ ಸಂದಿಯಿಂದ ಗೂಡಿನೊಳಗೆ ತೂರಿದಳು. ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು, ಕೈಮಂಡಿ ಊರಿ, ಹೂಳಿನಲ್ಲಿ ತಡಕುತ್ತ ಮುಂದೆ ಹೋದಳು. ಕೈಗೆ ಮೆತ್ತಗೆ ಏನೋ ತಾಗಿತು. ಎಳೆದಳು. ಗೋಣಿಚೀಲ. ನೀರಲ್ಲಿ ನೆನೆದು ಕೊಳೆತ ಹಳೆಯ ಗೋಣಿಚೀಲ. ಇನ್ನೂ ಮುಂದೆ ಹೋದಳು, ಕೊಳವೆಯ ಬಾಯಿಯ ತನಕ ಹೋದಳು. ಕಟ್ಟಿಕೊಂಡ ಬೇರು, ಒಂದು ಬಾಟಲಿ, ಅರ್ಧ ಬಳಿದು ಬಿಟ್ಟ ಕಸ. ಮನುಷ್ಯ ಇಲ್ಲ.

ಅವನು ಇಲ್ಲಿಲ್ಲ. ಎಲ್ಲೋ ಬದುಕಿದ್ದಾನೆ. ಅವಳು ಆ ಕೆಸರಿನಲ್ಲೇ ಕೂತು ಅತ್ತಳು. ಗಂಡ ಸತ್ತಾಗ ಅತ್ತದ್ದಕ್ಕಿಂತ ಜಾಸ್ತಿ ಅತ್ತಳೇನೋ, ಆಗ ಸುತ್ತ ಜನ ಇದ್ದರು, ಇಲ್ಲಿ ಯಾರೂ ಇರಲಿಲ್ಲ. ಗಂಡನೂ ಹೀಗೇ ಇಲ್ಲೇ ಕೂತಿದ್ದಾಗ ಮೇಲೆ ಚಕ್ರ ತಿರುಗಿದ ಸದ್ದು ಅವನಿಗೆ ಕೇಳಿಸಿತ್ತೋ ಏನೋ ಎಂದು ಯೋಚನೆ ಬಂತು. ಎಷ್ಟೋ ಸಲ ಇಳಿದಿದ್ದರೂ ಈ ಯೋಚನೆಯನ್ನು ಅವಳು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಕೆಲಸದ ಮೇಲೆ ಬಂದವರು ಕೆಲಸ ಮುಗಿಸಿ ಹೋಗುತ್ತಾರೆ. ಇವತ್ತು ಅವಳಿಗೆ ಇಲ್ಲಿ ಕೆಲಸ ಏನೂ ಇರಲಿಲ್ಲ.

ಮೂಗು ಒರೆಸಿಕೊಂಡು ಸೊಂಟದ ಗಂಟು ಬಿಚ್ಚಿದಳು. ಹೊಸ ಚಾವಿಯನ್ನು ಕೊಳವೆಯ ಬಾಯಿಯ ಕೆಳಗಿನ ಹೂಳಿನಲ್ಲಿ, ಮೊಣಕೈ ಮುಳುಗುವ ತನಕ ಒತ್ತಿ, ಬರಿಗೈಯನ್ನು ಹೊರಗೆ ಎಳೆದುಕೊಂಡಳು.

ಇಳಿಯುವುದೇನೋ ಇಳಿದಳು, ಹತ್ತುವುದು ಆಗಲಿಲ್ಲ. ಮೊದಲ ಮೆಟ್ಟಿಲಿಗೇ ಕಾಲು ನೆಲ ಕಚ್ಚಿತು. ಕೊನೆಗೆ ಪಂಪುಮನೆಯಿಂದ ಮುದುಕನ ಕುರ್ಚಿಯನ್ನೇ ತಂದು, ನಾಲ್ಕು ಮೂಲೆಗೆ ಹಗ್ಗ ಕಟ್ಟಿ ಕೆಳಗೆ ಬಿಟ್ಟರು. ಅಂತೂ ಕುರ್ಚಿ ಸಿಕ್ಕಿತು ಎಂದುಕೊಂಡು ಅವಳು ಅದರಲ್ಲಿ ಕೂತಳು. ಎಳೆಯುವವರು ಮೂರೇ ಜನ, ಅದರಲ್ಲೊಬ್ಬ ಮುದುಕ. ಒಂದಷ್ಟು ಎಳೆದು, ಒಂದಷ್ಟು 'ತಡಿ ತಡಿ' ಎಂದು ಕೂಗಾಡಿ, ಅವಳನ್ನು ಮೇಲೆ ತರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

"ಒಳಗೆ ಯಾರೂ ಇಲ್ಲ ಸಾರ್" ಎಂದಳು.

"ಸದ್ಯ! ಚಾವಿ ಕೊಡಿ."

"ಜಾರಿ ಬಿತ್ತು."

ಎಂಜಿನಿಯರ್ ಅವಳ ಮುಖ ನೋಡಿದ. ಅವಳು ಬೇರೆ ಕಡೆ ನೋಡಲಿಲ್ಲ. ಅವನು ಕೂಗಾಡಲಿಲ್ಲ, ಕಟ್ಟೆಯ ಮೇಲೆ ಕುಸಿದು ಕೂತು, "ಏನು ಮಾಡಿದ್ರಿ ಅಮ್ಮಾ" ಎಂದ. ಫೋನು ಬಡಿದುಕೊಳ್ಳುತ್ತಲೇ ಇತ್ತು.

ಇತ್ತ ಮೈದುನನ ಕತೆ ಕೇಳಿ. ಗೂಡಿನೊಳಗೆ ತಣ್ಣನೆಯ ಗಾಳಿ ತಾಗಿ ಹಲ್ಲು ಒಳಗೆ ಸುತ್ತಿಗೆ ಹೊಡೆದಂತೆ ಬಡಿಯತೊಡಗಿತು. ತಡೆಯಲಾರದೆ ಅರ್ಧ ಕೆಲಸ ಬಿಟ್ಟು ಮೇಲೆ ಬಂದ. ಅತ್ತಿಗೆ ಗೋಡೆಗೊರಗಿ ಮಲಗಿದ್ದಳು. ಪಾಪ, ಎಷ್ಟು ದಿನಕ್ಕೆ ಕಣ್ಣು ಮುಚ್ಚಿದ್ದಾಳೋ, ಎಬ್ಬಿಸುವುದು ಬೇಡ, ಬೇಗ ಹೋಗಿ ಬಂದುಬಿಡುತ್ತೇನೆ ಎಂದು, ಫೋನನ್ನೂ ಅಲ್ಲೇ ಮರೆತು, ಬೂಟಿನಲ್ಲೇ ಬಸ್ಸು ಹತ್ತಿ ನಗರದ ಹಲ್ಲಿನ ವೈದ್ಯರ ಹತ್ತಿರ ಹೋದ. ಅಲ್ಲಿ ಸಾಲು. ಅವನ ಸರದಿ ಬಂದು, ಸೂಜಿ ಚುಚ್ಚಿ, ಹಲ್ಲು ಕಿತ್ತು, ವೈದ್ಯರು ಬಾಯಿ ಮುಕ್ಕಳಿಸಿ ಎಂದರು. ಇವನು ಪಕ್ಕದ ನಲ್ಲಿ ತಿರುಗಿಸಿದ. ನಲ್ಲಿ ಒಮ್ಮೆ ಬುಸ್ ಎಂದು ಸುಮ್ಮನಾಯಿತು. "ಮಧ್ಯಾಹ್ನದಿಂದ ನೀರೇ ಇಲ್ಲ ನೋಡಿ, ಅಣೆಕಟ್ಟಿನ ಕಳ್ಳರು ಏನು ಮಾಡ್ತಿದಾರೋ" ಎಂದರು ವೈದ್ಯರು. ಬಾಯಲ್ಲಿ ರಕ್ತ ಇದ್ದ ಹಾಗೇ ಅವನ ಕೈ ತಾನಾಗಿ ಸೊಂಟದ ಚಾವಿಗೆ ಹೋಯಿತು.

ಓಡಿ ಬಂದ. ಅರ್ಧ ಮುಖ ಮರಗಟ್ಟಿ, ಜೊಲ್ಲು ಸುರಿಸುತ್ತ, ಅತ್ತಿಗೆ ಎನ್ನಲು ಹೋಗಿ ಅದೇನೋ ಅಂದ. ಅವಳು ಕುರ್ಚಿಯಲ್ಲಿ ಕೂತಲ್ಲಿಂದಲೇ ಹತ್ತಿರ ಬಾ ಎಂದು ಕರೆದು, ಬಾವು ಇಲ್ಲದ ಕೆನ್ನೆ ನೋಡಿ ಒಂದು ಬಾರಿಸಿದಳು. ಆಮೇಲೆ ಅದೇ ಕೈಯಲ್ಲಿ ಅವನ ಅಂಗಿ ಹಿಡಿದುಕೊಂಡವಳು ಚಕ್ರ ತಿರುಗಿ ಮುಗಿಯುವ ತನಕ ಬಿಡಲಿಲ್ಲ. ನಗರಕ್ಕೆ ನೀರು ಮುಟ್ಟುವಾಗ ಸಂಜೆಯಾಗಿತ್ತು.

ಒಂದು ದಿನ ನಗರ ಒಣಗಿದ್ದಕ್ಕೆ ಯಾರದ್ದಾದರೂ ತಲೆ ಬೇಕಿತ್ತು. ಮೈದುನನನ್ನು ತೆಗೆದರೆ ತೂಬಿಗಿಳಿಯುವವರು ಬೇರೆ ಇಲ್ಲ. ಅವನಿಗೆ ಬೈದು ಬಿಟ್ಟರು. ಕಾವಲಲ್ಲಿ ನಿದ್ದೆ ಮಾಡಿದವಳು ಅವಳು, ಚಕ್ರಕ್ಕೆ ಅಡ್ಡ ನಿಂತವಳು ಅವಳು, ಸರ್ಕಾರದ ಚಾವಿ ಕಳೆದವಳು ಅವಳು. ಕೆಲಸದಿಂದ ತೆಗೆದರು. ಎಂಜಿನಿಯರ್ ಅವಳ ಪರವಾಗಿ ಎರಡು ಮಾತು ಆಡಿದನಂತೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಇನ್ನೊಂದು ಚಾವಿ ಮಾಡಿಸಲು ಮೇಲಿನಿಂದ ಅಪ್ಪಣೆ ಬಂದಿದೆ, ಅವನು ಇವತ್ತು ನಾಳೆ ಎಂದು ದಿನ ತಳ್ಳುತ್ತಿದ್ದಾನೆ ಎಂದೂ ಸುದ್ದಿ. ಕುರ್ಚಿಗೆ ಬೇರೆ ಯಾರೋ ಬಂದರು. ಇಲಾಖೆಯ ಮನೆ ಖಾಲಿ ಮಾಡಬೇಕಾಗಿ ಬಂದು, ಪಾತ್ರೆ ಹಾಸಿಗೆ ಎತ್ತಿಕೊಂಡು ಅವಳು ಮೈದುನನ ಮನೆಯ ಮುಂದಿನ ಕೋಣೆಗೆ ಬಂದಳು. ವಾರಗಿತ್ತಿ ತನ್ನ ಕಪಾಟಿನಲ್ಲಿ ಒಂದು ಖಾನೆ ಬಿಡಿಸಿಕೊಟ್ಟಳು.

ಅವಳು ಬಂದ ದಿನವೇ ಮೈದುನ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಜಗಳಕ್ಕೆ ಕೂತ. ವಾರಗಳಿಂದ ನುಂಗಿಕೊಂಡದ್ದೆಲ್ಲ ಹೊರಗೆ ಬಂತು.

"ನಿಮ್ಮನ್ನ ಎಬ್ಬಿಸಿ ಹೇಳೋಷ್ಟು ಬುದ್ಧಿ ನಂಗಿರ್ಲಿಲ್ಲ, ಸರಿ. ನಿಮಗೇನಾಗಿತ್ತು ಅತ್ತಿಗೆ? ಇಷ್ಟು ವರ್ಷ ದುಡಿದು ಕೊನೇಲಿ ಹೀಗಾ? ಆ ಕುರ್ಚೀಲಿ ಕೂತ್ಕೊಂಡು ಆರಾಮಾಗಿ ಇರ್ತಿದ್ರಿ. ನಾನು ಒಳಗೆ ಇರ್ಲೇ ಇಲ್ವಲ್ಲ! ಅಲ್ಲೆಲ್ಲೋ ಬಾಯಿ ತೆಕ್ಕೊಂಡು ಕೂತಿದ್ದೆ. ಸುಮ್ಸುಮ್ನೆ ಕೆಲಸ ಕಳ್ಕೊಂಡ್ರಲ್ಲ, ಸುಮ್ಸುಮ್ನೆ! ಒಂದು ಅರ್ಥ ಬೇಡ್ವಾ?"

ಅತ್ತಿಗೆ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಿಮ್ಮಣ್ಣ ಹೋದ ದಿನ ಮೇಲೆ ಅಷ್ಟೊಂದು ಜನ ನಿಂತಿದ್ರು ಕಣೋ" ಎಂದಳು. "ಅವರಲ್ಲಿ ಒಬ್ಬರಾದ್ರೂ ಹೀಗೆ ಸುಮ್ಸುಮ್ನೆ ಕೆಲಸ ಕಳ್ಕೊಂಡಿದ್ರೆ, ಇವತ್ತು ನನ್ನ ಬೈಯೋಕೆ ನೀನು ಬರಬೇಕಾಗಿರ್ಲಿಲ್ಲ. ನಿಮ್ಮಣ್ಣನೇ ಇರ್ತಿದ್ರು."